ರೂಮ್ ಬುಕ್ ಮಾಡುವ ಮುಂಚೆ ಗಾಳಿ ನೋಡಿ

ಕಡಲತೀರಕ್ಕೆ ಹೋದರೆ ನೀರಿಗೆ ಅಂಟಿಕೊಂಡ ರೂಮೇ ಬೇಕು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ. ಗಾಳಿಗೆ ಎದುರಾದ ದಡದಲ್ಲಿ ಅಲೆ ಜಾಸ್ತಿ, ದ್ವೀಪವಾದರೆ ಅದರ ಇನ್ನೊಂದು ಬದಿ ಸಾಮಾನ್ಯವಾಗಿ ಶಾಂತ. ಹವಳದ ದಿಬ್ಬ ನೋಡುವ ಆಸೆ ಇದ್ದರೆ ಉಬ್ಬರ ಇಳಿತದ ಸಮಯ ಕೇಳಿಕೊಂಡೇ ಹೋಗಿ, ಹೆಚ್ಚಿನ ಕಡೆ ಎರಡರ ನಡುವೆ ಸುಮಾರು 6 ಗಂಟೆ ಇರುತ್ತದೆ, ಇಳಿತದಲ್ಲಿ ನೀರು ತೀರಾ ತಗ್ಗಿ ಕಾಲು ಹವಳಕ್ಕೆ ತಾಗುತ್ತದೆ. ಅದು ಜೀವ ಇರುವಂಥದ್ದು ಅಲ್ವಾ, ಮುರಿದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಊಟಕ್ಕೆ ದಡದಿಂದ ಎರಡು ಬೀದಿ ಒಳಗೆ, ಊರಿನವರೇ ತುಂಬಿರುವ ಕಡೆ ಹೋಗಿ. ಇನ್ನೊಂದು, ದಯವಿಟ್ಟು ನೆನಪಿಡಿ: ನೀರಿನ ಸೆಳೆತಕ್ಕೆ ಸಿಕ್ಕಿದರೆ ಗಾಬರಿಯಾಗಿ ನೇರ ದಡದತ್ತ ಈಜಬೇಡಿ, ದಡದ ಉದ್ದಕ್ಕೂ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ.