ಟ್ಯಾಂಕ್ ಖಾಲಿ, ಅನುಭವ ಭರ್ತಿ

ಪೆಟ್ರೋಲ್ ಮುಗಿದು ಸಣ್ಣ ವಿಮಾನ ಹೊಲಕ್ಕಿಳಿಯಿತಂತೆ. ಇದೂ ಒಂದು ಸುದ್ದಿಯೇ? ಇಂಧನದ ಎಡವಟ್ಟಿನಿಂದ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತ ಆಗುತ್ತವೆ ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲೇ ಹೇಳಿತ್ತು. ಹೆಚ್ಚುಕಮ್ಮಿ ವಾರಕ್ಕೊಂದು. ಅದರಲ್ಲಿ ಕಲಿಯುವ ಹುಡುಗರ ಪಾಲು ಬರೀ ಶೇ. 2. ಸುಮಾರು ಅರ್ಧದಷ್ಟು ಮಂದಿ ಕಮರ್ಷಿಯಲ್ ಅಥವಾ ಅದಕ್ಕೂ ಮೇಲಿನ ಲೈಸೆನ್ಸ್ ಇದ್ದವರು! ಪಾಪ, ಹುಡುಗರಿಗೆ ಈ ವಿದ್ಯೆ ಅಷ್ಟು ಬೇಗ ಒಲಿಯುವುದಿಲ್ಲ.

ನಾಲ್ಕು ಸೀಟಿನ ಪುಟ್ಟ ವಿಮಾನ, ಹಳೆಯ ಸೆಸ್ನಾ 172 ಎನ್ ಮಾದರಿಯನ್ನೇ ನೋಡಿ. ಎರಡು ರೆಕ್ಕೆಗಳಲ್ಲಿ ಸೇರಿ 43 ಗ್ಯಾಲನ್ ಹಿಡಿಯುತ್ತದೆ, ಬಳಕೆಗೆ ಸಿಗುವುದು 40, ಅಂದರೆ ಸುಮಾರು 151 ಲೀಟರ್. ಗಂಟೆಗೆ 32 ಲೀಟರ್ ಕುಡಿಯುತ್ತದೆ ಅಂತ ಕೈಪಿಡಿ ಹೇಳುವುದು, ಮೇಲೆ ಹೋದಮೇಲೆ ಕೆಂಪು ಮಿಕ್ಸ್ಚರ್ ಗುಬ್ಬಿಯನ್ನು (ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡುವುದು ಇದೇ) ಹದವಾಗಿ ಹೊರಗೆಳೆದವನಿಗೆ. ಎಳೆಯದೆ ಹಾಗೇ ಬಿಟ್ಟವನ ಎಂಜಿನ್ ಕೈಪಿಡಿ ಓದಿಕೊಂಡು ಕುಡಿಯುವುದಿಲ್ಲ. ಎದುರುಗಾಳಿ ಬೇರೆ. ರೆಕ್ಕೆಯ ಟ್ಯಾಂಕಿನ ಮುಚ್ಚಳದ ರಬ್ಬರ್ ಸವೆದಿದ್ದರೆ ರೆಕ್ಕೆಯ ಮೇಲೆ ಓಡುವ ಗಾಳಿಯೇ ಪೆಟ್ರೋಲನ್ನು ಹೀರಿ ಆಚೆ ಚೆಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಒಂದು ಟ್ಯಾಂಕಿನದು ರಾತ್ರಿಯೆಲ್ಲ ಇನ್ನೊಂದಕ್ಕೆ ಹರಿದಿರುತ್ತದೆ.

ಇಷ್ಟಕ್ಕೂ ಮದ್ದು ಒಂದು ಗುರುತು ಹಾಕಿದ ಕಡ್ಡಿ. ರೆಕ್ಕೆ ಮೇಲಿರುವುದರಿಂದ ಮೆಟ್ಟಿಲಿಗೆ ಕಾಲಿಟ್ಟು ಹತ್ತಬೇಕು, ಮುಚ್ಚಳ ತೆಗೆದು ಕಡ್ಡಿ ಅದ್ದಬೇಕು, ಒದ್ದೆಯಾದ ಗೆರೆ ಓದಿ ಮುಚ್ಚಳ ಭದ್ರವಾಗಿ ಹಾಕಬೇಕು. ಎರಡೂ ಕಡೆ ಸೇರಿ ಐದು ನಿಮಿಷದ ಕೆಲಸ. ಆದರೆ ಸಾವಿರಾರು ಗಂಟೆ ಹಾರಿದ ಮಹನೀಯರು ಬಿಳಿ ಅಂಗಿ ತೊಟ್ಟುಕೊಂಡು ಏಣಿ ಹತ್ತುವುದೇ? ಒಳಗೆ ಇಂಧನ ತೋರಿಸುವ ಮುಳ್ಳು ಇದೆಯಲ್ಲ! ಆ ಮುಳ್ಳು ತೇಲುವ ಬುರುಡೆಗೆ ಕಟ್ಟಿದ್ದು. ವಿಮಾನ ವಾಲಿದಂತೆಲ್ಲ ಅದೂ ಕುಣಿಯುತ್ತದೆ. ಹಗಲಲ್ಲಿ ಅರ್ಧ ಗಂಟೆಯದ್ದು, ರಾತ್ರಿ 45 ನಿಮಿಷದ್ದು ಮಿಗಿಸಿಕೊಂಡು ಹೊರಡು ಅನ್ನುತ್ತದೆ ಅಮೆರಿಕದ ನಿಯಮ. ಕುಣಿಯುವ ಮುಳ್ಳು ನೋಡಿ ಅರ್ಧ ಗಂಟೆಯನ್ನು ಅಳೆಯುವವರಿಗೆ ನಮಸ್ಕಾರ.

ನಮ್ಮಲ್ಲಿ ಬೈಕ್ ನಿಂತರೆ ಪಕ್ಕಕ್ಕೆ ಮಲಗಿಸಿ, ಎಬ್ಬಿಸಿ, ಕಿಕ್ ಹೊಡೆದು ಬಂಕ್‌ವರೆಗೆ ಹೋಗಬಹುದು. ಸೆಸ್ನಾದಲ್ಲಿ ಆ ಭಾಗ್ಯವಿಲ್ಲ. 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ವೇಗ ಹಿಡಿದು ತೇಲಿಸಿದರೆ ಸಾವಿರ ಅಡಿಯಿಂದ ಸಿಗುವುದು ಸುಮಾರು ಎರಡೂವರೆ ಕಿಲೋಮೀಟರ್, ಅಷ್ಟರಲ್ಲಿ ಕಂಡ ಹೊಲವೇ ಏರ್‌ಪೋರ್ಟ್. ಒಂದು ಲಾಭ ಮಾತ್ರ ಒಪ್ಪಬೇಕು: ಬಿದ್ದ ವಿಮಾನಕ್ಕೆ ಬೆಂಕಿ ಹತ್ತುವ ಭಯ ಕಡಿಮೆ. ಹತ್ತಲು ಏನಿದೆ?

ದೊಡ್ಡವರೇನು ಕಮ್ಮಿಯಿಲ್ಲ. 1983ರಲ್ಲಿ ಏರ್ ಕೆನಡಾದ ಹೊಚ್ಚಹೊಸ ಬೋಯಿಂಗ್ 767ಕ್ಕೆ ಬೇಕಿದ್ದದ್ದು 22,300 ಕಿಲೋ ಇಂಧನ. ಲೀಟರನ್ನು ಕಿಲೋ ಮಾಡಲು 0.8ರಿಂದ ಗುಣಿಸುವ ಬದಲು ಪೌಂಡಿನ 1.77ರಿಂದ ಗುಣಿಸಿದರು. ಕಾಗದದ ಮೇಲೆ ಟ್ಯಾಂಕ್ ತುಂಬಿತು, ಅರ್ಧ ದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಕೆನಡಾದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಎಲ್ಲರನ್ನೂ ಬದುಕಿಸಿ ಇಳಿಸಿದ ಪೈಲಟ್‌ಗಳ ಕೈಚಳಕಕ್ಕೆ ಮಾತ್ರ ಯಾವ ವ್ಯಂಗ್ಯವೂ ಇಲ್ಲದೆ ಶರಣು.

2016ರ ನವೆಂಬರ್ 28ರ ಲಾಮಿಯಾ ಎಂಬ ಕಂಪನಿಯ ವಿಮಾನದ ವಿಷಯ ಬಂದರೆ ನಗು ನಿಲ್ಲುತ್ತದೆ. ಬೊಲಿವಿಯಾದಿಂದ ಕೊಲಂಬಿಯಾದ ಮೆಡೆಲಿನ್‌ಗೆ ಬ್ರೆಜಿಲ್‌ನ ಶಾಪೆಕೊಯೆನ್ಸೆ ಫುಟ್‌ಬಾಲ್ ತಂಡ ಹೊರಟಿತ್ತು. ಫ್ಲೈಟ್ ಪ್ಲಾನ್‌ನಲ್ಲಿ ಪ್ರಯಾಣದ ಸಮಯ 4 ಗಂಟೆ 22 ನಿಮಿಷ. ಇಂಧನ ಸಾಲುವ ಸಮಯವೂ 4 ಗಂಟೆ 22 ನಿಮಿಷ. ವಿಮಾನ ನಿಲ್ದಾಣದ ಅಧಿಕಾರಿಯೊಬ್ಬರು ಇದೇನು ಅಂತ ಕೇಳಿದರು. ಇನ್ನೂ ಬೇಗ ತಲುಪುತ್ತೇವೆ ಅಂತ ಕಂಪನಿಯ ಕಡೆಯಿಂದ ಉತ್ತರ ಬಂತು. ವಿಮಾನ ಹೊರಟಿತು! ಇಳಿಯುವ ಸರದಿಗಾಗಿ ಗಾಳಿಯಲ್ಲಿ ಸುತ್ತು ಹಾಕುತ್ತ ಕಾಯುವಾಗಲೂ ಟ್ಯಾಂಕ್ ಬರಿದಾಗಿದೆ ಅಂತ ಬಾಯಿ ಬಿಡಲು ಎಷ್ಟು ತಡ ಮಾಡಿದರು! 77 ಜನರಲ್ಲಿ 71 ಜನ ಸತ್ತರು. ಪೈಲಟ್ ಆ ಕಂಪನಿಯ ಪಾಲುದಾರನೂ ಆಗಿದ್ದ. ಒಂದೇ ಕಾಗದದಲ್ಲಿ ಎರಡೂ ಅಂಕಿ ಒಂದೇ ಇದ್ದದ್ದು ಕಾಣದವರು ಯಾರೂ ಇರಲಿಲ್ಲ, ತಡೆದವರೂ ಯಾರೂ ಇರಲಿಲ್ಲ.