‘ಇದು ಕಾನೂನು’ ಅಂತ ಸುಳ್ಳು ಹೇಳಬೇಡಿ

ಇಂಗ್ಲೆಂಡಿನ ಯಾವುದಾದರೂ ಸೂಪರ್‌ಮಾರ್ಕೆಟ್‌ಗೆ ಶುಕ್ರವಾರ ಸಂಜೆ ಹೋಗಿ, ಗಿರಾಕಿಗಳೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟುವ ಸೆಲ್ಫ್ ಚೆಕೌಟ್ ಯಂತ್ರಗಳ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಹಾಲು, ಬ್ರೆಡ್, ಈರುಳ್ಳಿ ಎಲ್ಲ ಸರಾಗ ಸ್ಕ್ಯಾನ್ ಆಗುತ್ತವೆ. ವೈನ್ ಬಾಟಲಿ ಬಂದ ಕೂಡಲೇ ಕಂಬದ ಮೇಲಿನ ದೀಪ ಕೆಂಪಗಾಗುತ್ತದೆ. ಏಳೆಂಟು ಯಂತ್ರಗಳನ್ನು ನೋಡಿಕೊಳ್ಳಲು ಇರುವುದು ಒಬ್ಬಳೇ ಹುಡುಗಿ. ಅವಳು ಬರುವ ತನಕ ಕಾಯಬೇಕು. ಬಂದವಳು ಮುಖ ನೋಡಿ ‘ಐಡಿ ಇದೆಯಾ’ ಅನ್ನುತ್ತಾಳೆ. ಇಲ್ಲ ಅಂದರೆ ಬಾಟಲಿಯನ್ನು ಎತ್ತಿ ತನ್ನ ಕೌಂಟರಿನ ಹಿಂದೆ ಇಟ್ಟು, ಪರದೆಯ ಮೇಲೆ ಅದನ್ನು ಅಳಿಸಿ, ‘ಸಾರಿ, ಇದು ಕಾನೂನು’ ಅಂದು ಮುಂದಿನ ಕೆಂಪು ದೀಪದ ಕಡೆ ನಡೆಯುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುತ್ತಾರೆ. ನಿರಾಕರಿಸಲ್ಪಟ್ಟವಳು ಇಪ್ಪತ್ತೆಂಟು ವರ್ಷದ, ಕೆಲಸದಲ್ಲಿರುವ, ಮಗುವಿನ ತಾಯಿ.

ಮೈ ಉರಿಯುವುದು ಐಡಿ ಕೇಳಿದ್ದಕ್ಕಲ್ಲ. ಮಕ್ಕಳ ಕೈಗೆ ಮದ್ಯ ಸಿಗಬಾರದು, ಅದರಲ್ಲಿ ಎರಡು ಮಾತಿಲ್ಲ. ಮೈ ಉರಿಯುವುದು ‘ಇದು ಕಾನೂನು’ ಅನ್ನುವ ಆ ಮಾತಿಗೆ. ಅಲ್ಲಿ ಕೇಳಿದ್ದರಲ್ಲಿ ಅರ್ಧಕ್ಕರ್ಧ ಕಾನೂನಲ್ಲ, ಅಂಗಡಿ ತನ್ನ ಅನುಕೂಲಕ್ಕೆ ಮಾಡಿಕೊಂಡ ನಿಯಮ. ಅದನ್ನು ಹಾಗೆಂದು ಹೇಳುವ ಧೈರ್ಯ ಅಂಗಡಿಗಿಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವುದು 2003ರ ಲೈಸೆನ್ಸಿಂಗ್ ಕಾಯ್ದೆ. ಅದರ 146ನೇ ಸೆಕ್ಷನ್ ಪ್ರಕಾರ 18 ತುಂಬದವರಿಗೆ ಮದ್ಯ ಮಾರುವುದು ಅಪರಾಧ. ಮಾರಿದವರಿಗೆ ಅದೇ ಸೆಕ್ಷನ್ನಿನಲ್ಲಿ ರಕ್ಷಣೆಯೂ ಇದೆ: ಎದುರಿಗಿದ್ದವರಿಗೆ 18 ಆಗಿದೆ ಅಂತ ನಂಬಿದ್ದೆ, ವಯಸ್ಸಿನ ಪುರಾವೆ ಕೇಳಿದ್ದೆ, ತೋರಿಸಿದ್ದು ಯಾರನ್ನಾದರೂ ನಂಬಿಸುವಂತಿತ್ತು ಎಂದು ತೋರಿಸಿದರೆ ಸಾಕು. ನೋಡಿದರೆ 18ರ ಕೆಳಗಿನವರು ಅಂತ ಯಾರಿಗೂ ಅನುಮಾನ ಬರುವಂತಿರಲಿಲ್ಲ ಅನ್ನುವುದೂ ರಕ್ಷಣೆಯೇ. 2010ರ ಅಕ್ಟೋಬರ್‌ನಿಂದ ಇದರ ಜೊತೆಗೆ ಒಂದು ಕಡ್ಡಾಯ ಷರತ್ತು ಸೇರಿತು. ಮದ್ಯ ಮಾರುವ ಪ್ರತಿ ಅಂಗಡಿಗೂ ವಯಸ್ಸು ಪರೀಕ್ಷಿಸುವ ಒಂದು ನೀತಿ ಇರಬೇಕು. 18ರ ಕೆಳಗಿನವರಂತೆ, ಅಥವಾ ಅಂಗಡಿಯ ನೀತಿಯಲ್ಲಿ ಬರೆದ ಅದಕ್ಕಿಂತ ದೊಡ್ಡ ವಯಸ್ಸಿನ ಕೆಳಗಿನವರಂತೆ ಕಂಡವರಿಂದ ಗುರುತು ಕೇಳಬೇಕು. ಆ ಗುರುತಿನ ಮೇಲೆ ಫೋಟೋ ಇರಬೇಕು, ಹುಟ್ಟಿದ ತಾರೀಖು ಇರಬೇಕು, ಹೊಲೊಗ್ರಾಮ್ ಅಥವಾ ಅಲ್ಟ್ರಾವೈಲೆಟ್ ಗುರುತು ಎರಡರಲ್ಲಿ ಒಂದು ಇರಬೇಕು. ಅಷ್ಟೇ.

ಅಂಗಡಿಗಳು ಮಾತ್ರ 25ರ ಕೆಳಗಿನವರಂತೆ ಕಂಡವರನ್ನೆಲ್ಲ ಐಡಿ ಕೇಳುತ್ತವೆ, ಅದಕ್ಕೆ ‘ಚಾಲೆಂಜ್ 25’ ಅಂತ ಹೆಸರು. ಕಾನೂನಿನಲ್ಲಿ ಈ 25 ಅನ್ನುವ ಸಂಖ್ಯೆ ಎಲ್ಲಿದೆ? ಎಲ್ಲೂ ಇಲ್ಲ. ಅದು ಮದ್ಯ ಮಾರುವ ಚಿಲ್ಲರೆ ಅಂಗಡಿಗಳ ಕೂಟವೇ ಮುಂದೆ ಮಾಡಿದ್ದು. ಮೊದಲು 21 ಇತ್ತು, ಆಮೇಲೆ 25ಕ್ಕೆ ಏರಿಸಿಕೊಂಡರು. ಸ್ಕಾಟ್‌ಲೆಂಡ್ ಮಾತ್ರ ಬೇರೆ. ಅಲ್ಲಿ 2011ರ ಅಕ್ಟೋಬರ್ 1ರಿಂದ 25 ಅನ್ನುವುದು ನಿಜಕ್ಕೂ ಕಾನೂನು. ಎಡಿನ್‌ಬರೋದಲ್ಲಿ ‘ಇದು ಕಾನೂನು’ ಅಂದರೆ ಒಪ್ಪಬೇಕು. ಲೆಸ್ಟರ್‌ನಲ್ಲೋ ಸ್ಲೌನಲ್ಲೋ ಅಂದರೆ ‘ನಿಮ್ಮ ಅಂಗಡಿಯ ನಿಯಮ ಅನ್ನಿ’ ಅಂತ ಕೇಳುವ ಹಕ್ಕು ನಮಗಿದೆ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಕೆಲವು ಅಂಗಡಿಗಳಿಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್ ಕೊಟ್ಟ ಲೈಸೆನ್ಸಿನಲ್ಲೇ ಚಾಲೆಂಜ್ 25 ಒಂದು ಷರತ್ತಾಗಿ ಇರುತ್ತದೆ. ಅಂಥ ಕಡೆ ಕೇಳದೇ ಇದ್ದರೆ ಅಂಗಡಿಯದೇ ತಪ್ಪು. ಆದರೆ ಎಷ್ಟೋ ಸಲ ಲೈಸೆನ್ಸಿಗೆ ಅರ್ಜಿ ಹಾಕುವಾಗ ‘ನಾವು ಚಾಲೆಂಜ್ 25 ಪಾಲಿಸುತ್ತೇವೆ’ ಅಂತ ಬರೆದುಕೊಟ್ಟವರು ಅಂಗಡಿಯವರೇ. ಕೌನ್ಸಿಲ್ ಅದನ್ನೇ ಷರತ್ತು ಮಾಡಿರುತ್ತದೆ. ತಾವೇ ಕಟ್ಟಿಕೊಂಡ ಹಗ್ಗವನ್ನು ತೋರಿಸಿ ‘ನಮ್ಮ ಕೈ ಕಟ್ಟಿದ್ದಾರೆ’ ಅನ್ನುವುದು ಯಾವ ನ್ಯಾಯ?

ಯಾಕೆ ಹೀಗೆ ಮಾಡುತ್ತಾರೆ ಅನ್ನುವುದೂ ಗೊತ್ತಿರುವುದೇ. ಅಂಗಡಿಗಳ ವ್ಯವಹಾರದ ಮೇಲೆ ಕಣ್ಣಿಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇಲಾಖೆ ಮತ್ತು ಪೊಲೀಸರು 18 ತುಂಬದ ಹುಡುಗ ಹುಡುಗಿಯರನ್ನು ಅಂಗಡಿಗೆ ಕಳಿಸಿ ಪರೀಕ್ಷೆ ಮಾಡುತ್ತಾರೆ. ಕೇಳದೆ ಮಾರಿದರೆ ಕೌಂಟರಿನಲ್ಲಿ ಕೂತವರಿಗೆ ಸ್ಥಳದಲ್ಲೇ 90 ಪೌಂಡ್ ದಂಡ ಹಾಕಬಹುದು. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ. ಮೂರು ತಿಂಗಳೊಳಗೆ ಎರಡು ಸಲ ಸಿಕ್ಕಿಬಿದ್ದರೆ ಅಂಗಡಿಯ ಲೈಸೆನ್ಸಿಗೇ ಕುತ್ತು. ಕೇಸು ಬೇಡ ಅಂದರೆ 48 ಗಂಟೆಯಿಂದ 336 ಗಂಟೆಯವರೆಗೆ ಮದ್ಯ ಮಾರಾಟ ನಿಲ್ಲಿಸಲು ಒಪ್ಪಿಕೊಳ್ಳಬೇಕು. ಇದು ಸಾಲದು ಅಂತ ದೊಡ್ಡ ಸರಣಿ ಅಂಗಡಿಗಳು ದುಡ್ಡು ಕೊಟ್ಟು ಬೇರೆ ಕಂಪನಿಗಳಿಂದ ಇಪ್ಪತ್ತರ ಆಚೀಚಿನ ಯುವಕರನ್ನು ಗುಟ್ಟಾಗಿ ಕಳಿಸುತ್ತವೆ. 22 ವರ್ಷದವನಿಗೆ ಐಡಿ ಕೇಳದೆ ಬಿಯರ್ ಕೊಟ್ಟರೆ ಅದು ಕಾನೂನಿನ ಪ್ರಕಾರ ತಪ್ಪಲ್ಲ. ಆದರೆ ಕೊಟ್ಟವಳಿಗೆ ಮೇಲಿನವರಿಂದ ನೋಟೀಸು ಬರುತ್ತದೆ. ಎರಡು ಸಲ ಆದರೆ ಕೆಲಸವೂ ಹೋಗಬಹುದು.

ಹಾಗಾಗಿ ಕೌಂಟರಿನ ಹುಡುಗಿಯ ಮೇಲೆ ರೇಗಬೇಡಿ. ಅವಳದು ಕನಿಷ್ಠ ಕೂಲಿಯ ಆಸುಪಾಸಿನ ಸಂಬಳ, ಎದುರಿಗೆ ಉದ್ದ ಸಾಲು, ತಪ್ಪಿದರೆ ಅವಳ ಜೇಬಿನಿಂದಲೇ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಂತೆ, ಕಂಪನಿಯ ಲೈಸೆನ್ಸಿನ ಭಯಕ್ಕೆ ಬರೆ ಬೀಳುವುದು ಅವಳ ಮೇಲೆ, ಆಮೇಲೆ ಗಿರಾಕಿಯ ಮೇಲೆ. ಸಿಟ್ಟು ಬರಬೇಕಾದದ್ದು ನೀತಿ ಬರೆದು ಕೆಳಗೆ ಕಳಿಸಿದವರ ಮೇಲೆ. ಗಿರಾಕಿಗಳ ಬೈಗುಳ ತಿನ್ನುವುದು ಅವರಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಜೊತೆಗಿದ್ದವರ ಐಡಿ ಕೇಳುವ ಪದ್ಧತಿ. ನಾಲ್ಕು ಜನ ಒಟ್ಟಿಗೆ ಬಂದಿದ್ದಾರೆ, ದುಡ್ಡು ಕೊಡುವವನ ಬಳಿ ಪಾಸ್‌ಪೋರ್ಟ್ ಇದೆ, ವಯಸ್ಸು ಮೂವತ್ತೊಂದು. ಪಕ್ಕದಲ್ಲಿ ಚೀಲ ಹಿಡಿದು ನಿಂತ ತಂಗಿಯ ಬಳಿ ಐಡಿ ಇಲ್ಲ ಅಂತ ಇಡೀ ಬಾಟಲಿಯೇ ರದ್ದು. ಹದಿನೈದು ವರ್ಷದ ಮಗನನ್ನು ಕರೆದುಕೊಂಡು ವಾರದ ಸಾಮಾನಿಗೆ ಬಂದ ತಾಯಿಗೂ ಇದೇ ಪಾಡು. ಮಗು ವೈನ್ ಬಾಟಲಿಯನ್ನು ಎತ್ತಿ ಬೆಲ್ಟಿನ ಮೇಲೆ ಇಟ್ಟಿತು ಅನ್ನುವುದೇ ಕಾರಣವಾದದ್ದುಂಟು. ಹದಿನೆಂಟು ತುಂಬದವರ ಪರವಾಗಿ ಮದ್ಯ ಕೊಳ್ಳುವುದು 149ನೇ ಸೆಕ್ಷನ್ ಪ್ರಕಾರ ಅಪರಾಧ, ನಿಜ. ಅದು ಕೊಂಡವರ ಅಪರಾಧ. ಪಕ್ಕದಲ್ಲಿ ನಿಂತ ಎಲ್ಲರ ವಯಸ್ಸನ್ನೂ ಪರೀಕ್ಷಿಸು ಅಂತ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಹುಡುಗರ ಗುಂಪು ಹೊರಗೆ ನಿಂತು ದೊಡ್ಡವನೊಬ್ಬನ ಕೈಗೆ ದುಡ್ಡು ಕೊಟ್ಟು ಕಳಿಸಿದ್ದು ಕಂಡರೆ ಮಾರಬಾರದು, ಅದು ವಿವೇಕ. ತಾಯಿ ಮಗನನ್ನು ಆ ತಕ್ಕಡಿಯಲ್ಲಿ ತೂಗುವುದಕ್ಕೆ ವಿವೇಕ ಅನ್ನಲಾಗದು. ಅದೇ ಕಾಯ್ದೆ ಹದಿನಾರು ಹದಿನೇಳರ ಮಕ್ಕಳು ಹೋಟೆಲಿನಲ್ಲಿ ದೊಡ್ಡವರ ಜೊತೆ ಊಟಕ್ಕೆ ಕೂತಾಗ ಬಿಯರ್, ವೈನ್, ಸೈಡರ್ ಕುಡಿಯಬಹುದು ಅನ್ನುತ್ತದೆ. ಅಂಥ ಕಾಯ್ದೆಯ ಹೆಸರು ಹೇಳಿ ತಾಯಿಯ ಕೈಯಿಂದ ಬಾಟಲಿ ಕಿತ್ತುಕೊಳ್ಳುವುದು ಅವಮಾನ.

ಇನ್ನು ನಮ್ಮವರ ಪಾಡು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಮಾಡಲು ಬಂದ ಇಪ್ಪತ್ತಮೂರರ ಹುಡುಗನಿಗೆ ಊರಿನ ಎಂಆರ್‌ಪಿ ಅಂಗಡಿಯಲ್ಲಿ ಯಾರೂ ವಯಸ್ಸು ಕೇಳಿದ್ದಿರಲಾರದು. (ಕರ್ನಾಟಕದಲ್ಲಂತೂ ಕಾಯ್ದೆಯಲ್ಲಿ 18, ನಿಯಮದಲ್ಲಿ 21 ಅನ್ನುವ ಗೊಂದಲ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸಲು ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡರು.) ಇಲ್ಲಿ ಬಂದು ಆಧಾರ್ ತೋರಿಸಿದರೆ ನಡೆಯುವುದಿಲ್ಲ. ಎಷ್ಟೋ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ತಾರೀಖು ಇರುವುದಿಲ್ಲ. ಲ್ಯಾಮಿನೇಟ್ ಮಾಡಿಸಿದ ಕಾಗದದ ಕಾರ್ಡಿನಲ್ಲಿ ಹೊಲೊಗ್ರಾಮ್ ಕೂಡ ಇಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಮೊದಲ ಹನ್ನೆರಡು ತಿಂಗಳು ಇಲ್ಲಿ ಕಾರು ಓಡಿಸಬಹುದು, ಆದರೆ ಬಹುತೇಕ ಸೂಪರ್‌ಮಾರ್ಕೆಟ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ವಿಶ್ವವಿದ್ಯಾಲಯದ ಕಾರ್ಡೂ ಇಲ್ಲ. ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೋ ನಡೆಯುವುದಿಲ್ಲ, ಯಾಕೆಂದರೆ ಫೋಟೋವನ್ನು ಓರೆ ಮಾಡಿ ಹಿಡಿದರೆ ಹೊಲೊಗ್ರಾಮ್ ಮಿನುಗುವುದಿಲ್ಲ. ಇದೊಂದರಲ್ಲಿ ಮಾತ್ರ ಅಂಗಡಿಯ ಮಾತು ಸರಿ.

ಮೊದಲು ವಿದೇಶಿಯರಿಗೆ ಇಲ್ಲಿರುವ ಅನುಮತಿಗೆ ಪುರಾವೆಯಾಗಿ ಬಿಆರ್‌ಪಿ ಅಂತ ಒಂದು ಕಾರ್ಡು ಇತ್ತು. ಪರ್ಸಿನಲ್ಲಿ ಹಿಡಿಯುವಷ್ಟು ಚಿಕ್ಕದು, ಫೋಟೋ, ತಾರೀಖು ಎಲ್ಲ ಅದರ ಮೇಲೇ. ಸರ್ಕಾರ ಅದನ್ನು ತೆಗೆದು ಇ-ವೀಸಾ ಮಾಡಿತು. ಬಹುತೇಕ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ವೀಸಾ ಈಗ ಆನ್‌ಲೈನ್‌ನಲ್ಲಿದೆ, ಕೌಂಟರಿನಲ್ಲಿ ತೋರಿಸಲು ಕೈಯಲ್ಲಿ ಏನೂ ಇಲ್ಲ. ಉಳಿದದ್ದು ಪಾಸ್‌ಪೋರ್ಟ್ ಒಂದೇ. ಎಂಟು ಪೌಂಡಿನ ವೈನ್‌ಗಾಗಿ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಬೇಕು. ಕಳೆದುಹೋದರೆ ಏನಾಗುತ್ತದೆ ಅನ್ನುವುದು ನೀತಿ ಬರೆದವರಿಗೆ ಗೊತ್ತಿಲ್ಲ: ಪೊಲೀಸರಿಗೆ ದೂರು, ಹೊಸ ಪಾಸ್‌ಪೋರ್ಟಿಗೆ ಅರ್ಜಿ, ವಾರಗಟ್ಟಲೆ ಕಾಯುವುದು, ಬಂದ ಮೇಲೆ ಹೊಸ ನಂಬರನ್ನು ಇ-ವೀಸಾ ಖಾತೆಗೆ ಸೇರಿಸುವುದು. ಅಷ್ಟರೊಳಗೆ ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತಾದರೆ ಹೊರಡುವ ಹಾಗಿಲ್ಲ.

ಅವಧಿ ಮುಗಿದ ಪಾಸ್‌ಪೋರ್ಟ್ ಬೇಡ ಅನ್ನುವುದು ಇನ್ನೊಂದು ಕಿರುಕುಳ. 2010ರ ಷರತ್ತಿನಲ್ಲಿ ಅವಧಿಯ ಮಾತೇ ಇಲ್ಲ. ಫೋಟೋ ಅದೇ, ಮುಖ ಅದೇ, ಹೊಲೊಗ್ರಾಮ್ ಅದೇ. ಹುಟ್ಟಿದ ತಾರೀಖಿಗೂ ಅವಧಿ ಮುಗಿಯುತ್ತದೆಯೇ?

ಹೊರಗೆ ಕಾಣದ ಇನ್ನೊಂದು ತೊಡಕಿದೆ. ಕೌಂಟರಿನಲ್ಲಿ ಕೂತವರಿಗೇ 18 ತುಂಬಿರದಿದ್ದರೆ, 153ನೇ ಸೆಕ್ಷನ್ ಪ್ರಕಾರ ಪ್ರತಿ ಮದ್ಯದ ಬಿಲ್ಲಿಗೂ ಜವಾಬ್ದಾರಿಯುತ ದೊಡ್ಡವರೊಬ್ಬರು ಬಂದು ಒಪ್ಪಿಗೆ ಕೊಡಬೇಕು. ಇದು ನಿಜವಾದ ಕಾನೂನು. ಗಂಟೆ ಒತ್ತಿ ಸೂಪರ್‌ವೈಸರ್‌ಗಾಗಿ ಕಾಯುವುದು ಇದಕ್ಕೇ. ಶುಕ್ರವಾರ ಸಂಜೆ ಹದಿನೇಳರ ಹುಡುಗನನ್ನು ಆ ಕೌಂಟರಿಗೆ ಹಾಕಿದ್ದು ಮಾತ್ರ ಅಂಗಡಿಯ ಆಯ್ಕೆ. ಇನ್ನು ಆಲ್ಕೊಹಾಲ್ ಇಲ್ಲದ ಬಿಯರ್. ಪ್ರಮಾಣ 0.5 ಶೇಕಡಾ ಮೀರದಿದ್ದರೆ ಈ ಕಾಯ್ದೆಯ ಲೆಕ್ಕದಲ್ಲಿ ಅದು ಮದ್ಯವೇ ಅಲ್ಲ. ಆದರೂ 0.0 ಅಂತ ದಪ್ಪಕ್ಷರದಲ್ಲಿ ಬರೆದ ಡಬ್ಬಿಗೂ ಕೆಂಪು ದೀಪ, ಅದಕ್ಕೂ ‘ಇದು ಕಾನೂನು’.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಆರು ತಿಂಗಳಿಗಿಂತ ಹೆಚ್ಚು ಇರುವವರು ಇಲ್ಲಿನ ಪ್ರೊವಿಜನಲ್, ಅಂದರೆ ಕಲಿಯುವವರ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಿ. 185 ದಿನವಾದರೂ ಇಲ್ಲಿರಲು ಅನುಮತಿ ಇರಬೇಕು, ಆನ್‌ಲೈನ್‌ನಲ್ಲಿ 34 ಪೌಂಡ್. ಕಾರು ಕಲಿಯುವ ಮನಸ್ಸಿಲ್ಲದಿದ್ದರೂ ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬಹುದು. ಅದು ಬೇಡವಾದರೆ ‘ಪಾಸ್’ (PASS) ಅನ್ನುವ, ವಯಸ್ಸಿನ ಪುರಾವೆಗೆಂದೇ ಇರುವ ಬ್ರಿಟಿಷ್ ಯೋಜನೆಯ ಗುರುತಿರುವ ಕಾರ್ಡು ಇದೆ. ಅದರ ಮೇಲಿನ ಪಾಸ್ ಹೊಲೊಗ್ರಾಮ್ ಅಸಲಿಯೇ ಅಂತ ನೋಡಿಕೊಂಡು ಕೊಳ್ಳಿ, ಜಾಲತಾಣದಲ್ಲಿ ‘ಐಡಿ ಕಾರ್ಡ್’ ಅಂತ ಮಾರುವ ಎಲ್ಲದರಲ್ಲೂ ಅದು ಇರುವುದಿಲ್ಲ. ಮನೆಗೆ ಸಾಮಾನು ತರಿಸುವವರು ಬಾಗಿಲು ತೆಗೆಯುವವರ ಬಳಿ ಐಡಿ ಇರುವಂತೆ ನೋಡಿಕೊಳ್ಳಿ. ಆರ್ಡರ್ ಮಾಡಿದವರ ಐಡಿ ಸಾಲದು, ಇಲ್ಲವಾದರೆ ಬಾಟಲಿ ವ್ಯಾನಿನಲ್ಲೇ ವಾಪಸ್ಸು ಹೋಗುತ್ತದೆ. ಗುಂಪಿನಲ್ಲಿ ಹೋದಾಗ ಐಡಿ ಇರುವವರೊಬ್ಬರೇ ಬೇರೆ ಬಿಲ್ಲು ಮಾಡಿಸಿ, ಉಳಿದವರು ಬಾಗಿಲಾಚೆ ನಿಲ್ಲಿ. ಇದನ್ನು ಬರೆಯಲೇ ಬೇಸರ, ಕದ್ದವರ ಹಾಗೆ ಹೊರಗೆ ನಿಲ್ಲಿ ಅನ್ನಬೇಕಾಗಿದೆ.

ವಾದಿಸಿ ಗೆಲ್ಲಲಾಗದು ಅನ್ನುವುದೂ ಗೊತ್ತಿರಲಿ. ಶೆಲ್ಫಿನಲ್ಲಿ ಬೆಲೆ ಬರೆದಿಟ್ಟ ಮಾತ್ರಕ್ಕೆ ಮಾರಲೇಬೇಕು ಅಂತಿಲ್ಲ, ವ್ಯಾಪಾರ ಕುದುರುವುದು ಕೌಂಟರಿನಲ್ಲಿ ಅಂತ ಇಂಗ್ಲೆಂಡಿನ ನ್ಯಾಯಾಲಯ 1953ರಲ್ಲೇ ಹೇಳಿದೆ. ನಿರಾಕರಿಸುವ ಹಕ್ಕು ಅಂಗಡಿಗಿದೆ. ನಿರಾಕರಿಸಿದ್ದನ್ನು ಅವರು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಒಮ್ಮೆ ಬರೆದ ಮೇಲೆ ಮ್ಯಾನೇಜರ್ ಬಂದರೂ ಬದಲಾಗುವುದು ಅಪರೂಪ. ಅಂಗಡಿಯ ಲೈಸೆನ್ಸಿನಲ್ಲಿ 25 ಇದೆಯೋ ಇಲ್ಲವೋ ಕೌನ್ಸಿಲ್‌ನ ಲೈಸೆನ್ಸ್ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ನೋಡಿ, ಇಲ್ಲದಿದ್ದರೆ ಹಾಗಂತ ಕಂಪನಿಗೆ ಬರೆಯಿರಿ.

ನಿರಾಕರಿಸುವ ಹಕ್ಕಿದ್ದರೆ ನಿಜ ಹೇಳುವ ಹೊಣೆಯೂ ಇದೆ. ಕೇಳುವುದು ದೊಡ್ಡದೇನಲ್ಲ. ಮದ್ಯದ ಸಾಲಿನ ಶುರುವಿನಲ್ಲೇ, ಗಾಡಿ ತುಂಬುವ ಮೊದಲೇ ಕಾಣುವಂತೆ ಒಂದು ಫಲಕ ಹಾಕಿ: 18 ಕಾನೂನು, 25 ನಮ್ಮ ನಿಯಮ, ಇಂಥಿಂಥ ದಾಖಲೆ ಒಪ್ಪುತ್ತೇವೆ, ಜೊತೆಗೆ ಬಂದವರನ್ನೂ ಕೇಳುತ್ತೇವೆ. ‘ಇದು ಕಾನೂನು’ ಅನ್ನುವ ಬದಲು ‘ಇದು ನಮ್ಮ ಕಂಪನಿಯ ನಿಯಮ, ದೂರು ಈ ನಂಬರಿಗೆ’ ಅಂತ ಹೇಳಲು ಕೌಂಟರಿನ ಹುಡುಗಿಗೆ ಅನುಮತಿ ಕೊಡಿ.