‘ಸ್ಯಾಲರಿ’ ಪದದಲ್ಲಿ ಉಪ್ಪಿದೆ, ಆದರೆ ಉಪ್ಪೇ ಸಂಬಳವಾಗಿತ್ತೇ?

ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪು ಕೊಡುತ್ತಿದ್ದರು, ‘ಸ್ಯಾಲರಿ’ ಎಂಬ ಇಂಗ್ಲಿಷ್ ಪದ ಹುಟ್ಟಿದ್ದು ಹಾಗೆ ಎಂಬ ಸಂದೇಶ ಆಗಾಗ ಮೊಬೈಲಿಗೆ ಬಂದು ಬೀಳುತ್ತದೆ. ಇದರಲ್ಲಿ ಅರ್ಧ ನಿಜ. ಪದದ ಮೂಲ ಲ್ಯಾಟಿನ್ನಿನ ‘ಸಲಾರಿಯಂ’. ಅದರ ಬೇರು ‘ಸಾಲ್’, ಅಂದರೆ ಉಪ್ಪು. ಆದರೆ ಸಂಬಳದ ಬದಲು ಉಪ್ಪು ಅಳೆದುಕೊಟ್ಟರೆಂದು ಪ್ರಾಚೀನ ರೋಮಿನ ಯಾವ ಬರಹವೂ ಹೇಳುವುದಿಲ್ಲ. ಸೈನಿಕರ ಸಂಬಳಕ್ಕೆ ‘ಸ್ತಿಪೆಂದಿಯಂ’ ಎಂಬ ಬೇರೆಯದೇ ಹೆಸರಿತ್ತು. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಅದು ವರ್ಷಕ್ಕೆ 225 ದಿನಾರಿಯಸ್. ಬೆಳ್ಳಿ ನಾಣ್ಯದ ಲೆಕ್ಕ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಉಪ್ಪಿಗೂ ಸಲಾರಿಯಂಗೂ ನಂಟು ಹೇಳಿದ್ದಾನೆ, ಅಷ್ಟೇ. ಸಲಾರಿಯಂ ಎಂದರೆ ಉಪ್ಪು ಕೊಳ್ಳಲು ಕೊಟ್ಟ ಭತ್ಯೆ ಎಂಬುದು ಆಮೇಲಿನವರ ಊಹೆ.

‘ಸೋಲ್ಜರ್’ ಕೂಡ ಉಪ್ಪಿನದೇ ಕೂಸು ಎಂದು ಕೆಲವರು ಸೇರಿಸುತ್ತಾರೆ. ಆದರೆ ಅದರ ಮೂಲ ‘ಸೋಲಿದಸ್’ ಎಂಬ ಚಿನ್ನದ ನಾಣ್ಯ.

‘ಉಪ್ಪಿನ ಋಣ’ ಎನ್ನುವ ನಮಗೆ ಈ ಕಥೆ ಚೆನ್ನಾಗಿಯೇ ಹಿಡಿಸುತ್ತದೆ, ಹಂಚಿಕೊಂಡವರ ತಪ್ಪೇನಿಲ್ಲ. ಪರಿಶೀಲಿಸುವುದೂ ಕಷ್ಟವಲ್ಲ. ಒಳ್ಳೆಯ ನಿಘಂಟಿನಲ್ಲಿ ಪದದ ವ್ಯುತ್ಪತ್ತಿ ನೋಡಿ. ಅದು ಪದ ಎಲ್ಲಿಂದ ಬಂತೆಂದು ತೋರಿಸುತ್ತದೆ. ಜನ ಹೇಗೆ ಬದುಕಿದರು ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಅದಕ್ಕೆ ಆ ಕಾಲದ ಬರಹ ಬೇಕು. ಯಾವ ಗ್ರಂಥ, ಯಾವ ಭಾಗ ಎಂದು ಕೇಳಿ ನೋಡಿ.